ನಿಮಗಿದು ಗೊತ್ತೆ? ಹಾಟ್ ಟಬ್ ನೀರಿಗೆ ಅಡುಗೆ ಸೋಡಾ ಸಾಕೆ?

ಅಮೆರಿಕದ ಮನೆಗಳಲ್ಲಿರುವ ಹಾಟ್ ಟಬ್‌ಗಳಿಗಾಗಿ ‘ಕ್ಷಾರತೆ ಹೆಚ್ಚಿಸುವ ಪುಡಿ’ ಎಂದು ಅಂಗಡಿಯಲ್ಲಿ ಮಾರುವುದು ಸಾಮಾನ್ಯವಾಗಿ ಅಡುಗೆ ಸೋಡಾವನ್ನೇ, ಅಂದರೆ ಸೋಡಿಯಂ ಬೈಕಾರ್ಬೊನೇಟನ್ನೇ. ಅದು ನೀರಿನ ಪಿಎಚ್ ಪದೇ ಪದೇ ಏರಿಳಿಯದಂತೆ ಹಿಡಿದಿಡುತ್ತದೆ. ಪಿಎಚ್ ಮಟ್ಟವನ್ನೇ ಏರಿಸಬೇಕಾದರೆ ಪರಿಮಳ, ಸಾಬೂನು ಬೆರೆಸದ ಶುದ್ಧ ವಾಷಿಂಗ್ ಸೋಡಾ ಹೆಚ್ಚು ಪರಿಣಾಮಕಾರಿ. ಹಾಗಾದರೆ ಇಳಿಸಲು ವಿನೆಗರ್ ಸಾಲದೆ ಎಂದು ಕೇಳುವವರಿದ್ದಾರೆ. ಪಿಎಚ್ ಇಳಿಯುವುದೇನೋ ನಿಜ; ಆದರೆ ಅದು ದುರ್ಬಲ ಆಮ್ಲವಾದ್ದರಿಂದ ಬಹಳಷ್ಟು ಸುರಿಯಬೇಕು, ಅದರ ಸಾವಯವ ಅಂಶ ನೀರಿನಲ್ಲೇ ಉಳಿಯುತ್ತದೆ. ಆ ಕೆಲಸಕ್ಕೆ ಸೋಡಿಯಂ ಬೈಸಲ್ಫೇಟೇ ಲೇಸು.

ಪಿಎಚ್ ಸರಿಯಿದ್ದರೆ ಕ್ಲೋರಿನ್ ಬೇಡ ಎಂಬ ವಾದವೂ ನಿಲ್ಲುವುದಿಲ್ಲ. ಸೋಡಾ ರೋಗಾಣುಗಳನ್ನು ಕೊಲ್ಲದು. ಬೆಚ್ಚಗಿನ ನೀರಿನಲ್ಲಿ ಲೀಜನೆಲ್ಲಾ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯುತ್ತದೆ. ಆದರೆ ಕ್ಲೋರಿನ್ನಿನ ಶಕ್ತಿ ನಿಂತಿರುವುದೂ ಪಿಎಚ್ ಮೇಲೆಯೇ. ಪಿಎಚ್ 7.5 ಇದ್ದಾಗ ಅದರ ಸುಮಾರು ಅರ್ಧ ಭಾಗ ರೋಗಾಣುಗಳನ್ನು ಚುರುಕಾಗಿ ಕೊಲ್ಲುವ ರೂಪದಲ್ಲಿರುತ್ತದೆ, 8.5 ಆದರೆ ಸುಮಾರು ಹತ್ತರಲ್ಲೊಂದು ಭಾಗವಷ್ಟೇ. ಅದಕ್ಕೇ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಹಾಟ್ ಟಬ್ ನೀರಿನ ಪಿಎಚ್ 7.0ರಿಂದ 7.8ರೊಳಗೆ, ಕ್ಲೋರಿನ್ ಕನಿಷ್ಠ 3 ಪಿಪಿಎಂ ಇರಬೇಕೆನ್ನುತ್ತದೆ. ಯಾವುದನ್ನು ಹಾಕುವ ಮೊದಲೂ ನೀರನ್ನು ಪರೀಕ್ಷಿಸಿ. ಬ್ಲೀಚ್ ಮತ್ತು ವಿನೆಗರನ್ನು ಎಂದೂ ಬೆರೆಸಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ.