ಕ್ರಿಮಿನಲ್ ಜಸ್ಟಿಸ್ ಸರ್ಟಿಫಿಕೇಟು: ಫೀಸು ಕಟ್ಟೋ ಮುಂಚೆ ಒಂದು ಲೆಕ್ಕ

ಇಂಟರ್ನಲ್ಸ್ ಮುಗಿದ ದಿನ ದಾಬಸ್‌ಪೇಟೆಯಲ್ಲಿ ಟೀ ಕುಡೀತಾ ನಿಂತಿದ್ವಿ. ಕ್ಲಾಸಿನ ಹುಡುಗನೊಬ್ಬ ಮೊಬೈಲ್ ಮುಂದೆ ಹಿಡಿದ. ಬೆಂಗಳೂರಿನ ಯಾವುದೋ ಇನ್‌ಸ್ಟಿಟ್ಯೂಟು, ಆರು ತಿಂಗಳು ಭಾನುವಾರದ ಕ್ಲಾಸು, ಕ್ರಿಮಿನಲ್ ಜಸ್ಟಿಸ್ ಮತ್ತು ಸೈಬರ್ ಫೊರೆನ್ಸಿಕ್ಸ್ ಸರ್ಟಿಫಿಕೇಟು, ಫೀಸು 40,000. “ಪಿಎಸ್‌ಐ ಆಗೋಕೆ ಹೆಲ್ಪ್ ಆಗುತ್ತಂತೆ ಕಣೋ, ಅಪ್ಪನ್ನ ಕೇಳಲಾ?” ಅಂದ. ಅವರಪ್ಪ ಸೋಂಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಶಿಫ್ಟ್ ಕೆಲಸ ಮಾಡೋರು. ಅವತ್ತು ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಆಮೇಲೆ ಕೂತು ಓದಿ ತಿಳ್ಕೊಂಡಿದ್ದು ಇಷ್ಟು.

ಮೊದಲು ಖರ್ಚು. ಫೀಸು ಒಂದೇ ಖರ್ಚಲ್ಲ. ಇಲ್ಲಿಂದ ಬೆಂಗಳೂರಿಗೆ ಹೆಚ್ಚುಕಮ್ಮಿ 50 ಕಿಲೋಮೀಟರ್. ಬಸ್ಸಲ್ಲಿ ಮಾದಾವರಕ್ಕೆ ಹೋಗಿ ಮೆಟ್ರೋ ಹತ್ತಿದರೂ ಹೋಗಿ ಬರೋಕೆ ನಾಲ್ಕು ಗಂಟೆ ಇಟ್ಕೊಳ್ಳಿ. 26 ಭಾನುವಾರಕ್ಕೆ 104 ಗಂಟೆ ಬರೀ ಓಡಾಟ. ಚಾರ್ಜು, ಊಟ ಸೇರಿ ದಿನಕ್ಕೆ 300 ಅಂತ ಹಿಡಿದರೆ ಇನ್ನೊಂದು 7,800 ರೂಪಾಯಿ. ಬ್ಯಾಕ್‌ಲಾಗ್ ಇರೋರಿಗೆ ಆ ಭಾನುವಾರಗಳ ಬೆಲೆ ಇನ್ನೂ ಜಾಸ್ತಿ.

ಇನ್ನು ಪಿಎಸ್‌ಐ ವಿಷಯ. ಕರ್ನಾಟಕದಲ್ಲಿ ಸಿವಿಲ್ ಪಿಎಸ್‌ಐ ಹುದ್ದೆಗೆ ಬೇಕಾಗಿರೋದು ಒಂದು ಪದವಿ, ಅದು ಯಾವುದಾದರೂ ಆಗಬಹುದು. ನಮ್ಮ ಬಿಇ ಸಾಕು. ದೈಹಿಕ ಪರೀಕ್ಷೆ ಪಾಸಾದ ಮೇಲೆ ಲಿಖಿತ ಪರೀಕ್ಷೆ: ಪ್ರಬಂಧ, ಸಾರಾಂಶ, ಅನುವಾದ ಇರೋ ಮೊದಲ ಪತ್ರಿಕೆಗೆ 50 ಅಂಕ, ಸಾಮಾನ್ಯ ಜ್ಞಾನದ ಎರಡನೇ ಪತ್ರಿಕೆಗೆ 150. ಖಾಸಗಿ ಸರ್ಟಿಫಿಕೇಟಿಗೆ ಅಲ್ಲಿ ಅರ್ಧ ಅಂಕಾನೂ ಇಲ್ಲ. ಅದರ ಜೊತೆಗೆ, ಆ ದಾರಿಯಲ್ಲಿ ಕಾಯೋದೂ ಒಂದು ಖರ್ಚೇ. 545 ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೀತು, ಅಕ್ರಮ ಬಯಲಾಗಿ 2022ರಲ್ಲಿ ರದ್ದಾಯ್ತು, ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ನಿಯತ್ತಾಗಿ ಓದಿ ಬರೆದವರ ಎರಡು ವರ್ಷಕ್ಕೂ ಮೇಲ್ಪಟ್ಟ ಕಾಲ ಹೋಯ್ತು.

ಹಾಗಾದ್ರೆ ಈ ಓದೇ ವೇಸ್ಟಾ? ನಾನೂ ಮೊದಲು ಹಂಗೇ ಅಂದುಕೊಂಡಿದ್ದೆ. ಆದ್ರೆ ಕೋರ್ಟಿನಲ್ಲಿ ‘ಸರ್ಟಿಫಿಕೇಟು’ ಅನ್ನೋ ಪದಕ್ಕೆ ಬೇರೇನೇ ಒಂದು ಅರ್ಥ ಇದೆ, ಅದು ನೇರವಾಗಿ ನಮಗೇ ಬರುತ್ತೆ.

2024ರ ಜುಲೈ 1ರಿಂದ ಹಳೇ ಎವಿಡೆನ್ಸ್ ಆಕ್ಟ್ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಅದರ ಸೆಕ್ಷನ್ 63 ಎಲೆಕ್ಟ್ರಾನಿಕ್ ದಾಖಲೆಗಳದ್ದು. ಹಳೇ ಕಾಯ್ದೆಯಲ್ಲಿ ಇದೇ 65ಬಿ ಆಗಿತ್ತು. ಸೋಂಪುರದ ಒಂದು ಫ್ಯಾಕ್ಟರಿಯಲ್ಲಿ ಕಳ್ಳತನ ಆಯ್ತು, ಸಿಸಿಟಿವಿಯಲ್ಲಿ ರೆಕಾರ್ಡ್ ಆಗಿದೆ ಅಂತ ಇಟ್ಕೊಳ್ಳಿ. ಡಿವಿಆರ್‌ನಿಂದ ಪೆನ್‌ಡ್ರೈವಿಗೆ ಹಾಕಿ ಪೊಲೀಸರಿಗೆ ಕೊಟ್ಟರೆ ಮುಗೀಲಿಲ್ಲ. ಮೂಲ ಸಾಧನವನ್ನೇ ಹಾಜರುಪಡಿಸದೆ ಕಾಪಿ ಕೊಟ್ಟರೆ ಸರ್ಟಿಫಿಕೇಟು ಕಡ್ಡಾಯ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಹೇಳಿದೆ. ಅದು ಆಗ 65ಬಿ ಬಗ್ಗೆ ಹೇಳಿದ ಮಾತು. ಹೊಸ ಕಾಯ್ದೆಯಲ್ಲಿ ಈ ಸರ್ಟಿಫಿಕೇಟಿಗೆ ಎರಡು ಭಾಗ: ಭಾಗ ‘ಎ’ ದಾಖಲೆ ಕೊಡುವವರು ತುಂಬಬೇಕು, ಭಾಗ ‘ಬಿ’ ಪರಿಣತರು. ಎರಡರಲ್ಲೂ ಫೈಲಿನ ಹ್ಯಾಶ್ ವ್ಯಾಲ್ಯೂ ಬರೆದು, ಯಾವ ಅಲ್ಗಾರಿದಮ್ಮು (ಎಸ್‌ಎಚ್‌ಎ-1, ಎಸ್‌ಎಚ್‌ಎ-256, ಎಂಡಿ5 ಅಥವಾ ಬೇರೆ) ಅಂತ ಗುರುತು ಹಾಕಬೇಕು.

ನಾವು ಲ್ಯಾಬಲ್ಲಿ ಬರೀ ವೈವಾಗೋಸ್ಕರ ಉರು ಹೊಡೆದ ಹ್ಯಾಶ್ ಇದೇ! ಬೇಕಾದ್ರೆ ಇವತ್ತೇ ಮಾಡಿ ನೋಡಿ. ಮೊಬೈಲಲ್ಲಿ ತೆಗೆದ ಒಂದು ಫೋಟೋದ ಎಸ್‌ಎಚ್‌ಎ-256 ತೆಗೀರಿ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಕಮ್ಯಾಂಡ್ ಸಾಕು. ಅದೇ ಫೋಟೋನ ವಾಟ್ಸಾಪ್‌ನಲ್ಲಿ ಫೋಟೋ ಆಗಿಯೇ ಕಳಿಸಿ, ಬಂದಿದ್ದನ್ನ ಡೌನ್‌ಲೋಡ್ ಮಾಡಿ ಮತ್ತೆ ಹ್ಯಾಶ್ ತೆಗೀರಿ. ವಾಟ್ಸಾಪ್ ಅದನ್ನ ಕಂಪ್ರೆಸ್ ಮಾಡಿರುತ್ತೆ, ಆ 64 ಅಕ್ಷರಗಳ ಸಾಲು ಪೂರ್ತಿ ಬೇರೆ ಆಗಿರುತ್ತೆ. ಕಣ್ಣಿಗೆ ಎರಡೂ ಒಂದೇ ಫೋಟೋ, ಹ್ಯಾಶ್ ಪ್ರಕಾರ ಎರಡು ಬೇರೆ ಫೈಲು. ಎದುರು ಕಡೆ ವಕೀಲರು ಹಿಡ್ಕೊಳ್ಳೋದು ಇಂಥದ್ದನ್ನೇ. ಫ್ಯಾಕ್ಟರಿಯಲ್ಲಿ ಸರ್ವರು, ಕ್ಯಾಮೆರಾ ನೋಡ್ಕೊಳ್ಳೋ ಇಂಜಿನಿಯರ್ ಆಗಿ ಸೇರಿದ್ರೆ, ಆ ಭಾಗ ‘ಎ’ಗೆ ಸಹಿ ಹಾಕೋ ಸರದಿ ನಾಳೆ ನಿಮ್ಮದೇ ಆಗಬಹುದು. ಆಗ ವಾಟ್ಸಾಪ್‌ನಲ್ಲಿ ಕಳಿಸ್ತೀನಿ ಸಾರ್ ಅನ್ನಬೇಡಿ.

ಪರಿಣತರು ಯಾರು ಅನ್ನೋದಕ್ಕೆ ಅದೇ ಕಾಯ್ದೆಯ ಸೆಕ್ಷನ್ 39 ನೋಡಬೇಕು. ಅದು ಕೇಳೋದು ಆ ವಿಷಯದಲ್ಲಿ ವಿಶೇಷ ಪರಿಣತಿ. ಇಂಥ ಕೋರ್ಸ್ ಮಾಡಿರಬೇಕು ಅಂತ ಬರೆದಿಲ್ಲ. ಗೋಡೆಗೆ ಹಾಕಿದ ಫ್ರೇಮು ಕೋರ್ಟಿನಲ್ಲಿ ಮಾತಾಡಲ್ಲ, ಪಾಟೀಸವಾಲಿಗೆ ಉತ್ತರ ಕೊಡಬೇಕಾದವರು ನೀವೇ.

ಕೆಲಸ ಹೆಚ್ಚಾಗುತ್ತೆ ಅನ್ನೋದಂತೂ ನಿಜ. ಬಿಎನ್‌ಎಸ್‌ಎಸ್ ಸೆಕ್ಷನ್ 176(3)ರ ಪ್ರಕಾರ ಏಳು ವರ್ಷ ಅಥವಾ ಹೆಚ್ಚು ಶಿಕ್ಷೆ ಇರೋ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು. ಇದನ್ನ ಜಾರಿಗೆ ತರೋಕೆ ರಾಜ್ಯಗಳಿಗೆ ಐದು ವರ್ಷ ಟೈಮ್ ಇದೆ. ಆದರೆ ಸೈಬರ್ ಲ್ಯಾಬಿಗೇ ಹೋಗ್ಬೇಕು ಅನ್ನೋರಿಗೆ ಆರು ತಿಂಗಳ ಭಾನುವಾರದ ಕ್ಲಾಸು ಸಾಲಲ್ಲ. ಬಿಇ ಮುಗಿದ ಮೇಲೆ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ ನೋಡಿ, ಧಾರವಾಡದಲ್ಲೂ ಅದರ ಕ್ಯಾಂಪಸ್ ಇದೆ. ಕೆಲಸ ಮಾಡ್ತಾ ಓದೋರಿಗೆ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿನ ಒಂದು ವರ್ಷದ ಸೈಬರ್ ಕಾನೂನು ಮತ್ತು ಸೈಬರ್ ಫೊರೆನ್ಸಿಕ್ಸ್ ಪಿಜಿ ಡಿಪ್ಲೊಮಾ, ಇಗ್ನೋದ ಸೈಬರ್ ಕಾನೂನಿನ ಪಿಜಿ ಸರ್ಟಿಫಿಕೇಟು ಇವೆ. ಇವೆಲ್ಲ ಪದವಿ ಆದವರಿಗೆ. ಐದನೇ ಸೆಮ್‌ನಲ್ಲಿರೋ ನಮಗೆ ಎನ್‌ಪಿಟಿಇಎಲ್‌ನ ಸೈಬರ್ ಸೆಕ್ಯುರಿಟಿ ಅಂಡ್ ಪ್ರೈವಸಿ ಥರದ ಕೋರ್ಸು ಸಾಕು: ಪಾಠ ಉಚಿತ, ಸರ್ಟಿಫಿಕೇಟು ಬೇಕಾದ್ರೆ ಮಾತ್ರ 1,000 ರೂಪಾಯಿ ಪರೀಕ್ಷಾ ಶುಲ್ಕ. ಸಾಕ್ಷ್ಯ ಅಧಿನಿಯಮ ಇಂಡಿಯಾ ಕೋಡ್ ವೆಬ್‌ಸೈಟಿನಲ್ಲಿ ಬಿಟ್ಟಿಯಾಗಿ ಸಿಗುತ್ತೆ, ಸರ್ಟಿಫಿಕೇಟಿನ ನಮೂನೆ ಅದರ ಕೊನೆಯ ಅನುಸೂಚಿಯಲ್ಲಿದೆ.

ನಮ್ಮ ಹುಡುಗ ಇನ್‌ಸ್ಟಿಟ್ಯೂಟಿಗೆ ಫೋನ್ ಮಾಡಿ, “ಸರ್ಟಿಫಿಕೇಟು ಕೊಡೋ ಯೂನಿವರ್ಸಿಟಿ ಯಾವುದು, ಯಾವ ನೇಮಕಾತಿ ಅಧಿಸೂಚನೆಯಲ್ಲಿ ಇದನ್ನ ಕೇಳಿದ್ದಾರೆ?” ಅಂತ ಎರಡೇ ಪ್ರಶ್ನೆ ಕೇಳಿದ. ಸಾರ್‌ನ ಕೇಳಿ ಹೇಳ್ತೀವಿ ಅಂದ್ರಂತೆ. ಇನ್ನೂ ಫೋನ್ ಬಂದಿಲ್ಲ. ಅಪ್ಪನ ಹತ್ರ ಅವನು 1,000 ಇಸ್ಕೊಂಡಿದ್ದಾನೆ.