ಊರಿಗೆ ಕಳಿಸೋಕೆ ಟಾಪ್ ಹ್ಯಾಂಡಲ್ ಚೈನ್‌ಸಾ ಸಾಕಾ?

"ಊರಲ್ಲಿ ಅಪ್ಪನ ತೋಟಕ್ಕೆ ಒಂದು ಚೈನ್‌ಸಾ ಬೇಕು, ಟಾಪ್ ಹ್ಯಾಂಡಲ್‌ದು ಚಿಕ್ಕದು, ಹಗುರ, ಅದನ್ನೇ ಆರ್ಡರ್ ಮಾಡ್ಲಾ?" ಅನ್ನೋರಿಗೆ ಈ ಕಂತು.

ಇದರ ಹಿಡಿ ಎಂಜಿನ್ ಹಿಂದೆ ಇರಲ್ಲ, ಮೇಲೇ ಇರುತ್ತೆ. ಹಗ್ಗದಲ್ಲಿ ನೇತಾಡ್ತಾ ಕೊಂಬೆ ಕತ್ತರಿಸೋರಿಗೆ ಇದೇ ಅನುಕೂಲ. ತೊಂದರೆಯೂ ಅಲ್ಲೇ. ಬಾರ್ ತುದಿಯ ಮೇಲ್ಭಾಗ ಮರಕ್ಕೆ ತಾಗಿದ್ರೆ ಗರಗಸ ನಮ್ಮ ಕಡೆಗೇ ಚಿಮ್ಮುತ್ತೆ. ಎರಡೂ ಹಿಡಿ ಹತ್ತಿರ ಇರೋದ್ರಿಂದ ತಡೆಯೋದು ಕಷ್ಟ. ಒಂದೇ ಕೈಯಲ್ಲಿ ಹಿಡಿದಿದ್ರಂತೂ ಮುಗೀತು. ತರಬೇತಿ ಪಡೆದ ಮರ ಹತ್ತುವವರಿಗೆ ಮಾತ್ರ ಅಂತ ಕಂಪನಿಗಳ ಕೈಪಿಡಿಯಲ್ಲೇ ಬರೆದಿರುತ್ತೆ.

ಹತ್ತುವವರಿಗಾದ್ರೆ ಯಾವುದು? ಸ್ಟಿಲ್ ಎಂಎಸ್ 201 ಟಿಸಿ-ಎಂ 35.2 ಸಿಸಿ, 3.7 ಕೆಜಿ. ಎಕೋ ಸಿಎಸ್-2511ಟಿ 25 ಸಿಸಿ, 2.3 ಕೆಜಿ. ಎರಡೂ ಬಾರ್, ಚೈನ್, ಇಂಧನ ಬಿಟ್ಟು ತೂಕ. ದಪ್ಪ ಕೊಂಬೆಗೆ ಸ್ಟಿಲ್. ದಿನವಿಡೀ ಸಣ್ಣ ಕೊಂಬೆ ಸವರೋಕೆ ಎಕೋ, ಸಂಜೆಗೆ ತೋಳು ನಿಮ್ಮದಾಗೇ ಇರುತ್ತೆ. ಬ್ಯಾಟರಿಯದಾದ್ರೆ ಮೇಲೆ ಕೂತು ದಾರ ಎಳೆಯೋ ಗೋಳಿಲ್ಲ, ಕೆಳಗಿನವರ ಕೂಗೂ ಕೇಳುತ್ತೆ. ಆದ್ರೆ ಸದ್ದಿಲ್ಲ ಅಂದ್ರೆ ಆಫ್ ಆಗಿದೆ ಅಂತಲ್ಲ.

ಅಪ್ಪ ನೆಲದ ಮೇಲೆ ನಿಂತು ಕಟ್ಟಿಗೆ ಕುಯ್ಯೋದಾದ್ರೆ ಹಿಂಬದಿ ಹಿಡಿ ಇರೋದನ್ನೇ ಕಳಿಸಿ. ಜೊತೆಗೆ ಹೆಲ್ಮೆಟ್, ಕಾಲಿಗೆ ಚೈನ್‌ಸಾ ಪ್ಯಾಂಟ್.