ಪದವಿ ಕೊಡದ ಶಾಲೆ

ಬಾವಿಯ ಪಂಪು ಕೆಟ್ಟಿದೆ. ತೋಟಕ್ಕೆ ನೀರಿಲ್ಲ. ಆಗ ಬೇಕಾಗುವವರು ಮೋಟಾರಿಗೆ ತಂತಿ ಸುತ್ತಬಲ್ಲವರು. ಅವರು ಈ ಕೆಲಸವನ್ನು ಎಲ್ಲಿ ಕಲಿಯುತ್ತಾರೆ?

ದಕ್ಷಿಣ ಕನ್ನಡ ಜಿಲ್ಲೆಯ ಉಜಿರೆಯಲ್ಲಿ 1982ರಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ ಅಲ್ಲಿನ ಟ್ರಸ್ಟು, ಕೆನರಾ ಬ್ಯಾಂಕು ಮತ್ತು ಆಗಿನ ಸಿಂಡಿಕೇಟ್ ಬ್ಯಾಂಕು ಸೇರಿ ಇದನ್ನು ಕಟ್ಟಿದವು. ಕೆಲಸ ಸಿಗದ ಯುವಕ ಯುವತಿಯರಿಗೆ ಸ್ವಂತ ಉದ್ಯೋಗ ಕಲಿಸುವುದು ಇದರ ಗುರಿ. ಹೊಲಿಗೆ, ಹೈನುಗಾರಿಕೆ, ಮೋಟಾರು ರಿವೈಂಡಿಂಗ್, ಮೊಬೈಲ್ ರಿಪೇರಿ ಮುಂತಾದವನ್ನು ಕೆಲವೇ ವಾರಗಳಲ್ಲಿ ಕಲಿಸುತ್ತಾರೆ. ಊಟ, ವಸತಿ, ಪಾಠ ಎಲ್ಲವೂ ಉಚಿತ.

ಕೈಕೆಲಸ ಬಂದರಷ್ಟೇ ಸಾಲದು. ಅಂಗಡಿ ತೆರೆಯಲು ಹಣ ಬೇಕು. ಲೆಕ್ಕ ಬರೆಯಲು ತಿಳಿದಿರಬೇಕು. ಗಿರಾಕಿಗಳೊಡನೆ ಮಾತನಾಡಲು ಬರಬೇಕು. ಇದನ್ನೂ ಅಲ್ಲೇ ಹೇಳಿಕೊಡುತ್ತಾರೆ. ಬ್ಯಾಂಕಿನಿಂದ ಸಾಲ ಪಡೆಯುವ ದಾರಿಯನ್ನೂ ತೋರಿಸುತ್ತಾರೆ. ತರಬೇತಿ ಮುಗಿಸಿ ಹೋದವರು ಏನು ಮಾಡುತ್ತಿದ್ದಾರೆ ಎಂದು ಎರಡು ವರ್ಷ ವಿಚಾರಿಸುತ್ತಿರುತ್ತಾರೆ. ಇಷ್ಟು ಕಾಳಜಿ ತೋರುವ ಶಾಲೆಗಳು ಅಪರೂಪ.

ಇಲ್ಲಿ ಪದವಿ ಸಿಗುವುದಿಲ್ಲ, ಪ್ರಮಾಣಪತ್ರ ಸಿಗುತ್ತದೆ. ಈ ಮಾದರಿಯನ್ನು ನೋಡಿ ಕೇಂದ್ರ ಸರಕಾರವು ಜಿಲ್ಲೆಗೊಂದರಂತೆ ಇಂತಹ ಸಂಸ್ಥೆ ತೆರೆಯುವ ಯೋಜನೆ ಹಾಕಿತು. ನಮ್ಮ ಪಕ್ಕದ ಕಣ್ಣೂರು ಜಿಲ್ಲೆಯಲ್ಲೂ ರುಡ್‌ಸೆಟ್ ಇದೆ. ಸೇರಲು 18 ವರ್ಷ ತುಂಬಿರಬೇಕು. ನೀವು ಇನ್ನೂ ಸ್ವಲ್ಪ ಕಾಯಬೇಕು!